ಮೊದಲು ಬರೀ ರಾಡು, ಆಮೇಲೆ ಭಾರ

"ತೂಕ ಇಳಿಸಾಕ ಬಂದೀರೇನ್ರಿ ಮೇಡಂ?"

ಬಾಗಲಕೋಟೆಯ ನವನಗರದ ಜಿಮ್ ಒಂದರ ಬಾಗಿಲಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ ಇದು. ನನ್ನ ತೂಕ 47 ಕೆ.ಜಿ. ಇಳಿಸುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. "ಇಲ್ರಿ ಸರ್, ಭಾರ ಎತ್ತೂದು ಕಲೀಬೇಕಂತ ಬಂದೀನ್ರಿ" ಅಂದೆ. ಅವರು ನನ್ನನ್ನು ಒಮ್ಮೆ, ನನ್ನ ಹಿಂದೆ ಮುದುಡಿ ನಿಂತಿದ್ದ ಗೆಳತಿಯನ್ನು ಒಮ್ಮೆ ನೋಡಿ, ಟ್ರೆಡ್‌ಮಿಲ್ ಕಡೆ ಕೈ ತೋರಿಸಿದರು. "ಲೇಡೀಸ್‌ಗೆ ಇದ ಚಲೋ ರೀ."

ಆ ಕಡೆ ಹತ್ತನ್ನೆರಡು ಹುಡುಗರು ಕನ್ನಡಿ ಮುಂದೆ ಡಂಬೆಲ್ಸ್ ಹಿಡಿದು ನಿಂತಿದ್ದರು. ಮೂಲೆಯಲ್ಲಿ ಉದ್ದದ ಕಬ್ಬಿಣದ ರಾಡು ಸುಮ್ಮನೆ ಗೋಡೆಗೆ ಒರಗಿತ್ತು. ನನಗೆ ಬೇಕಾಗಿದ್ದುದು ಅದು.

ನಾನು ಇಳಕಲ್‌ನವಳು, ಬಾಗಲಕೋಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪ ಸೀರೆ ನೇಯುತ್ತಾರೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಐವತ್ತು ವರ್ಷ ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತಿದವಳು. ಹೋದ ಬೇಸಿಗೆಯಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು. ದೊಡ್ಡ ಬೀಳೇನಲ್ಲ, ಚಿಕ್ಕ ಮಕ್ಕಳು ದಿನಕ್ಕೆ ನಾಲ್ಕು ಸಲ ಬೀಳುವಂಥದ್ದು. ಆದರೆ ಸೊಂಟದ ಹತ್ತಿರ ತೊಡೆ ಎಲುಬು ಮುರಿಯಿತು. "ಬಿದ್ದದ್ದಕ್ಕ ಮುರದದ್ದಲ್ಲವಾ, ಎಲುಬು ಮೊದಲ ಸವದಿತ್ತು" ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಕರೆತಂದ ದಿನ ಆಯಿಯನ್ನು ಗಾಡಿಯಿಂದ ಹಾಸಿಗೆಗೆ ಸಾಗಿಸಲು ಮೂವರು ಬೇಕಾದೆವು. ಮೂವರಲ್ಲಿ ನಾನೂ ಒಬ್ಬಳು. ನನ್ನ ತೋಳು ಗಡಗಡ ನಡುಗುತ್ತಿದ್ದವು. ಇಪ್ಪತ್ತು ವರ್ಷದ ನನ್ನ ಕೈಯಲ್ಲಿ ನಲವತ್ತೆರಡು ಕೆ.ಜಿ.ಯ ಮುದುಕಿಯ ಮೂರನೇ ಒಂದು ಭಾಗ ನಿಲ್ಲಲಿಲ್ಲ.

ಜಿಮ್ ಸೇರಿದ್ದು ಅದಕ್ಕೆ. ಸೇರಿದ ಮೇಲೆ ಐದು ತಿಂಗಳಲ್ಲಿ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಮೈ, ಭಯ, ನೌಕರಿ, ದುಡ್ಡು ಎಲ್ಲವೂ ಈ ರಾಡಿಗೆ ಹೇಗೆ ತಳಕು ಹಾಕಿಕೊಂಡಿವೆ ಎಂಬುದು ಕಾಣತೊಡಗಿತು.

ಅಪ್ಪು ಹೋದ ಮೇಲಿನ ಭಯ

ಜಿಮ್ ಸೇರಿದ ಸುದ್ದಿ ಹೇಳಿದಾಗ ಫೋನಿನಲ್ಲಿ ಅವ್ವ ಅಂದದ್ದು ಒಂದೇ ಮಾತು: "ಬ್ಯಾಡವಾ, ಅಪ್ಪು ಹೆಂಗ ಹೋದ ನೋಡಲಿಲ್ಲೇನು?"

ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ. ಅಂದು ಬೆಳಿಗ್ಗೆಯೂ ಅವರು ವ್ಯಾಯಾಮ ಮಾಡಿದ್ದರು. ಕನ್ನಡ ನಾಡಿನ ಪ್ರತಿ ಮನೆಯಲ್ಲೂ ಅಂದಿನಿಂದ ಜಿಮ್ ಮತ್ತು ಹೃದಯಾಘಾತ ಒಂದೇ ಉಸಿರಿನಲ್ಲಿ ಬರುವ ಪದಗಳಾದವು. 2025ರ ಬೇಸಿಗೆಯ ಕೊನೆಗೆ ಹಾಸನ ಜಿಲ್ಲೆಯಿಂದ ಸಾಲು ಸಾಲಾಗಿ ಹೃದಯಾಘಾತದ ಸಾವಿನ ಸುದ್ದಿಗಳು ಬಂದಾಗ ಆ ಭಯ ಮತ್ತೆ ಎದ್ದಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನೇರ ಸಂಬಂಧ ಕಂಡಿಲ್ಲ ಎಂದು ಸಮಿತಿ ಹೇಳಿತು. ಅದು ಬೊಟ್ಟು ಮಾಡಿದ್ದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಬೊಜ್ಜಿನಂಥ ಹಳೆಯ ಶತ್ರುಗಳತ್ತಲೇ.

ಈ ವಿಷಯದಲ್ಲಿ ಎಲ್ಲರೂ ಓದಬೇಕಾದದ್ದು ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ. 18ರಿಂದ 45 ವರ್ಷದೊಳಗಿನ, ಹೊರನೋಟಕ್ಕೆ ಆರೋಗ್ಯವಾಗಿಯೇ ಇದ್ದು ಹಠಾತ್ತನೆ ಸತ್ತ 729 ಮಂದಿಯ ವಿವರವನ್ನು ಬದುಕಿರುವವರ ವಿವರದೊಂದಿಗೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಕುಟುಂಬದಲ್ಲಿ ಹಿಂದೆ ಯಾರಾದರೂ ಹೀಗೆ ಹಠಾತ್ತನೆ ಸತ್ತಿದ್ದರೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದರೆ, ಧೂಮಪಾನ ಇದ್ದರೆ, ಸಾವಿಗೆ ಮುನ್ನ 48 ಗಂಟೆಗಳಲ್ಲಿ ಮಿತಿ ಮೀರಿ ಕುಡಿದಿದ್ದರೆ ಅಪಾಯ ಹೆಚ್ಚಿತ್ತು. ಅದೇ 48 ಗಂಟೆಗಳಲ್ಲಿ ಅತಿ ತೀವ್ರ ಶ್ರಮದ ಕೆಲಸ ಅಥವಾ ವ್ಯಾಯಾಮ ಮಾಡಿದ್ದೂ ಆ ಪಟ್ಟಿಯಲ್ಲಿತ್ತು.

ಈ ಕೊನೆಯ ಸಾಲನ್ನು ಹಿಡಿದೇ "ಜಿಮ್ಮಿಗೆ ಹೋದರೆ ಸಾಯುತ್ತಾರೆ" ಎಂಬ ವಿಡಿಯೊಗಳು ಹುಟ್ಟಿದವು. ಎರಡು ಸಂಗತಿ ಒಟ್ಟಿಗೆ ಕಂಡವು ಎಂದಾಕ್ಷಣ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಇದನ್ನು ನಮಗೆ ಅಂಕಿಅಂಶಗಳ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಹೃದ್ರೋಗ ತಜ್ಞರು ಬಹುಕಾಲದಿಂದ ಬಲ್ಲ ಇನ್ನೊಂದು ವಿಷಯವಿದೆ: ದಿಢೀರ್ ಶ್ರಮದ ಅಪಾಯ ರೂಢಿ ಇಲ್ಲದವರಿಗೆ ಹೆಚ್ಚು, ನಿತ್ಯ ವ್ಯಾಯಾಮ ಮಾಡುವವರಿಗೆ ಬಹಳ ಕಡಿಮೆ. ಹಾಗಾದರೆ ಹೆದರಬೇಕಾದದ್ದು ಜಿಮ್ಮಿಗಲ್ಲ, ಮೊದಲ ವಾರದ ಹುಮ್ಮಸ್ಸಿಗೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತು, ಹೊಸ ವರ್ಷದ ಮೊದಲ ದಿನ ಪಕ್ಕದವನ ಭಾರ ನೋಡಿ ತಾನೂ ಅಷ್ಟೇ ಎತ್ತುವವನಿಗೆ ಅಪಾಯ.

ಸುಮ್ಮನೆ ಕೂರುವುದು ಸುರಕ್ಷಿತವೇ? 2022ರಲ್ಲಿ ಭಾರತದ ವಯಸ್ಕರಲ್ಲಿ ಶೇ 49.4ರಷ್ಟು ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಪ್ರಕಟಿಸಿತು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ನಡಿಗೆ ಅಥವಾ ಓಟ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ವಾಕಿಂಗ್ ನಮಗೆ ಗೊತ್ತು. ಎರಡನೆಯದು ಹೆಂಗಸರಿಗೂ ಸೇರಿದ್ದು ಎಂಬುದು ನಮ್ಮ ಊರುಗಳಿಗೆ ಇನ್ನೂ ತಲುಪಿಲ್ಲ. ಎಲುಬಿನ ಗಟ್ಟಿತನ ಹೆಚ್ಚಾಗುವುದು ಸುಮಾರು ಮೂವತ್ತರ ತನಕ. ಆಮೇಲಿನದು ಉಳಿಸಿಕೊಳ್ಳುವ ಕೆಲಸ. ಆಯಿಯ ಎಲುಬಿನ ಲೆಕ್ಕ ಅವಳು ನನ್ನ ವಯಸ್ಸಿನಲ್ಲಿದ್ದಾಗಲೇ ಶುರುವಾಗಿತ್ತು.

ಸಂಗ್ರಾಣಿ ಕಲ್ಲಿನ ನಾಡು

ಭಾರ ಎತ್ತುವುದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಜೋಳದ ಚೀಲ ಎತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಭಾರ ಎತ್ತುವವರನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಮುಧೋಳ, ಜಮಖಂಡಿ ಕಡೆ ಗರಡಿಮನೆಗಳ ಹೆಸರು ದೊಡ್ಡದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ದೇಹಸಾಧನೆಯ ಪಾಠ ಹೇಳಿದ ಕೆ.ವಿ. ಅಯ್ಯರ್ ಅವರೇ 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳನ್ನು ಬರೆದವರು ಎಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಮೈ ಕಟ್ಟುವವರಿಗೆ ಓದು ಬರುವುದಿಲ್ಲ ಎಂಬ ಹಾಸ್ಟೆಲ್ ತಮಾಷೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಗರಡಿಯಲ್ಲಿ ಒಂದು ಶಿಸ್ತಿತ್ತು. ಹೊಸ ಹುಡುಗ ಬಂದರೆ ವಸ್ತಾದ ಅವನನ್ನು ನೇರ ಅಖಾಡಕ್ಕೆ ಬಿಡುತ್ತಿರಲಿಲ್ಲ. ಮೊದಲು ಮಣ್ಣು ಹದ ಮಾಡು, ಬಸ್ಕಿ ಹೊಡೆ, ದಂಡ ಹೊಡೆ. ತಿಂಗಳುಗಟ್ಟಲೆ ಆದ ಮೇಲೆ ಗದೆ, ಗುಂಡು, ಜೋಡಿ. ಈಗಿನ ಪುಸ್ತಕಗಳು ಯಾವುದನ್ನು ಹಂತಹಂತವಾಗಿ ಭಾರ ಏರಿಸುವುದು ಎನ್ನುತ್ತವೋ ಅದನ್ನು ವಸ್ತಾದರು ಹೆಸರಿಡದೆ ಮಾಡಿಸುತ್ತಿದ್ದರು. ಆದರೆ ಆ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಇನ್ನೊಂದು ವಿಚಿತ್ರ ನೋಡಿ. ನಮ್ಮ ಕಡೆ ದಿನವಿಡೀ ಭಾರ ಹೊತ್ತವರು ಹೆಂಗಸರೇ: ತಲೆಯ ಮೇಲೆ ಒಂದು ಕೊಡ, ಸೊಂಟದ ಮೇಲೆ ಒಂದು ಕೊಡ, ಹೊಲದಿಂದ ಮೇವಿನ ಹೊರೆ. ಅದನ್ನು ಯಾರೂ ಶಕ್ತಿ ಎಂದು ಕರೆಯಲಿಲ್ಲ, ಅದಕ್ಕೆ ಯಾರೂ ಹಲಗೆ ಬಾರಿಸಲಿಲ್ಲ.

ಹಾಗೆಂದು ಹೊರೆ ಹೊತ್ತದ್ದೇ ವ್ಯಾಯಾಮ ಎಂದು ಸಮಾಧಾನ ಪಡಲಾಗದು. ಇಳಕಲ್‌ನಲ್ಲಿ ಗ್ರಾನೈಟ್ ಹಲಗೆ ಸಾಗಿಸುವವರ, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ಬೆನ್ನು ನಲವತ್ತಕ್ಕೇ ಸೋಲುವುದನ್ನು ನೋಡಿದ್ದೇನೆ. ವ್ಯಾಯಾಮದಲ್ಲಿ ಭಾರ ಎಷ್ಟು, ಎಷ್ಟು ಸಲ, ಯಾವಾಗ ವಿಶ್ರಾಂತಿ ಎಂಬುದನ್ನು ಎತ್ತುವವರು ನಿರ್ಧರಿಸುತ್ತಾರೆ. ಕೂಲಿಯಲ್ಲಿ ಅದನ್ನು ಲಾರಿ ನಿರ್ಧರಿಸುತ್ತದೆ.

ಹುನಗುಂದದ ಅಣ್ಣ ಮತ್ತು ಮೂರು ಸಾವಿರದ ಡಬ್ಬಿ

ನನ್ನ ದೊಡ್ಡಪ್ಪನ ಮಗ ಹುನಗುಂದದಲ್ಲಿದ್ದಾನೆ. ಬಿ.ಎ. ಮುಗಿಸಿ ಮೂರು ವರ್ಷದಿಂದ ಪೊಲೀಸ್ ಕಾನ್‌ಸ್ಟೆಬಲ್ ಆಗಲು ತಯಾರಿ ನಡೆಸಿದ್ದಾನೆ. ಒಳಮೀಸಲಾತಿಯ ಗೊಂದಲದಲ್ಲಿ ನೇಮಕಾತಿಗಳು ನಿಂತು, 2025ರ ಸೆಪ್ಟೆಂಬರಿನಲ್ಲಿ ಧಾರವಾಡದಲ್ಲಿ ಸಾವಿರಾರು ಉದ್ಯೋಗಾಕಾಂಕ್ಷಿಗಳು ಬೀದಿಗಿಳಿದರಲ್ಲ, ಆ ಗುಂಪಿನ ವಯಸ್ಸು, ಆ ಗುಂಪಿನ ಸಂಕಟ ಅವನದು. ಅಧಿಸೂಚನೆ ಯಾವಾಗ ಬರುತ್ತದೋ ಗೊತ್ತಿಲ್ಲ; ಬಂದಾಗ ಮೈ ತಯಾರಿರಬೇಕು. ಹೀಗೆ ಕಾಯುವ ಹುಡುಗರೇ ನಮ್ಮ ತಾಲ್ಲೂಕು ಕೇಂದ್ರಗಳ ಜಿಮ್‌ಗಳನ್ನು ತುಂಬಿರುವುದು.

ಅಣ್ಣ ಜಿಮ್ ಸೇರಿದ ಮೊದಲ ವಾರವೇ ಅವನಿಗೆ ಎರಡು ವಸ್ತು ಸಿಕ್ಕವು. ಒಂದು, ಎದೆ ಮತ್ತು ತೋಳಿನ ಪಟ್ಟಿ: ಸೋಮವಾರ ಎದೆ, ಮಂಗಳವಾರ ತೋಳು, ಮತ್ತೆ ಎದೆ. ಇನ್ನೊಂದು, ಮೂರು ಸಾವಿರ ರೂಪಾಯಿಯ ಪ್ರೊಟೀನ್ ಪುಡಿಯ ಡಬ್ಬಿ. ಎರಡನೇ ತಿಂಗಳು ಗೆಳೆಯರ ಪಂಥಕ್ಕೆ ಬಿದ್ದು, ಬೆನ್ನು ಬಾಗಿಸಿ ನೆಲದಿಂದ ನೂರು ಕೆ.ಜಿ. ಎತ್ತಲು ಹೋಗಿ ಸೊಂಟ ಹಿಡಿಯಿತು. ಮೂರು ತಿಂಗಳು ಓಟ ನಿಂತಿತು.

ಈಗ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ನೋಡೋಣ. ಪುರುಷರಿಗೆ 1,600 ಮೀಟರ್ ಓಟ, ಆರೂವರೆ ನಿಮಿಷದೊಳಗೆ. 3.80 ಮೀಟರ್ ಉದ್ದ ಜಿಗಿತ ಅಥವಾ 1.20 ಮೀಟರ್ ಎತ್ತರ ಜಿಗಿತ. 7.26 ಕೆ.ಜಿ.ಯ ಗುಂಡನ್ನು 5.60 ಮೀಟರ್ ಎಸೆಯಬೇಕು. ಮಹಿಳೆಯರಿಗೆ 400 ಮೀಟರ್ ಓಟ ಎರಡು ನಿಮಿಷದಲ್ಲಿ, 2.5 ಮೀಟರ್ ಉದ್ದ ಜಿಗಿತ ಅಥವಾ 0.90 ಮೀಟರ್ ಎತ್ತರ ಜಿಗಿತ, 4 ಕೆ.ಜಿ. ಗುಂಡು 3.75 ಮೀಟರ್. ಇದರಲ್ಲಿ ತೋಳಿನ ಸುತ್ತಳತೆ ಎಲ್ಲೂ ಇಲ್ಲ. ಓಡುವುದು, ಜಿಗಿಯುವುದು, ಎಸೆಯುವುದು ಮೂರೂ ಕಾಲು ಮತ್ತು ಸೊಂಟದಿಂದ ಹುಟ್ಟುವ ಶಕ್ತಿ. ಅಣ್ಣನ ಪಟ್ಟಿಯಲ್ಲಿ ಕಾಲಿಗೆ ಒಂದು ದಿನವೂ ಇರಲಿಲ್ಲ. ಪರೀಕ್ಷೆಗೆ ಬೇಕಾದ ವಿಷಯ ಬಿಟ್ಟು ಬೇರೆ ವಿಷಯ ಓದಿ, ಫೀಸು ಮಾತ್ರ ಪೂರ್ತಿ ಕಟ್ಟಿದಂತೆ.

ಇನ್ನು ಡಬ್ಬಿಯ ವಿಚಾರ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದಲ್ಲಿ ಮಾರಾಟವಾಗುವ 36 ಪ್ರೊಟೀನ್ ಪುಡಿಗಳನ್ನು ಪರೀಕ್ಷಿಸಿದರು. ಸುಮಾರು ಶೇ 70ರಷ್ಟರಲ್ಲಿ ಲೇಬಲ್ ಮೇಲಿನ ಪ್ರೊಟೀನ್ ಲೆಕ್ಕವೇ ಸರಿಯಿರಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷ, ಕೀಟನಾಶಕದ ಉಳಿಕೆ ಸಿಕ್ಕವು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪ್ರೊಟೀನ್ ಪುಡಿ ತಿನ್ನುವುದನ್ನು ಬಿಡಿ ಎಂದಿತು.

ಹಾಗಾದರೆ ಪ್ರೊಟೀನ್ ಬೇಡವೇ? ಬೇಕು. ಲೆಕ್ಕ ಮಾಡೋಣ. ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಎಂದು ಐಸಿಎಂಆರ್ ಹೇಳುತ್ತದೆ. 50 ಕೆ.ಜಿ.ಯವರಿಗೆ ಸುಮಾರು 42 ಗ್ರಾಂ. ಮೂರು ದಪ್ಪ ಜೋಳದ ರೊಟ್ಟಿಗೆ 150 ಗ್ರಾಂ ಹಿಟ್ಟು ಹಿಡಿದರೆ 15 ಗ್ರಾಂ. ಒಂದು ಬಟ್ಟಲು ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯದಲ್ಲಿ 12 ಗ್ರಾಂ. ಒಂದು ಹಿಡಿ ಶೇಂಗಾದಲ್ಲಿ ಏಳು. ಎರಡು ಹೊತ್ತು ಹಾಲು ಮೊಸರಿನಲ್ಲಿ ಹತ್ತು. ಒಟ್ಟು 44. ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕು. ತಿನ್ನುವವರಿಗೆ ಒಂದು ತತ್ತಿ ಆರು ಗ್ರಾಂ ಸೇರಿಸುತ್ತದೆ, ತಿನ್ನದವರು ಕಾಳು, ಶೇಂಗಾ ಹೆಚ್ಚಿಸಿಕೊಳ್ಳಬಹುದು. ನಮ್ಮ ಮನೆಯಲ್ಲಿ ತತ್ತಿ ಇಲ್ಲ, ಶೇಂಗಾ ಹಿಂಡಿ ಇದೆ.

ಅಂದರೆ ಮನೆಯ ತಾಟಿನಲ್ಲಿ ಕೊರತೆ ಅಷ್ಟಿಲ್ಲ. ಕೊರತೆ ಇರುವುದು ರೂಮು, ಹಾಸ್ಟೆಲ್‌ಗಳಲ್ಲಿ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಅನ್ನ ನೀರುಸಾರು, ರಾತ್ರಿ ಮತ್ತೆ ಅನ್ನ. ಹಳ್ಳಿ ಬಿಟ್ಟು ಓದಲು ಬಂದವರ ತಾಟಿನಿಂದ ಮೊದಲು ಮಾಯವಾಗುವುದು ಕಾಳು. ಮೂರು ಸಾವಿರದ ಡಬ್ಬಿಯ ದುಡ್ಡಿಗೆ ಎಷ್ಟು ತಿಂಗಳ ಶೇಂಗಾ, ಹೆಸರು ಬರುತ್ತದೆ ಎಂದು ಅಣ್ಣನಿಗೆ ಲೆಕ್ಕ ಹಾಕಿ ತೋರಿಸಿದೆ. "ಆದರ ಶೇಂಗಾ ಡಬ್ಬಿ ಮ್ಯಾಲೆ ಬಾಡಿ ಬಿಲ್ಡರ್ ಫೋಟೊ ಇರೂದಿಲ್ಲಲಾ ತಂಗಿ" ಎಂದು ನಕ್ಕ. ಈಗ ಅವನ ವಾರದಲ್ಲಿ ಎರಡು ದಿನ ಕಾಲಿನ ವ್ಯಾಯಾಮ, ನಾಲ್ಕು ದಿನ ಓಟ ಇದೆ.

ಸಿವಿಲ್ ವಿದ್ಯಾರ್ಥಿನಿಯ ಲೆಕ್ಕ

ಟ್ರೆಡ್‌ಮಿಲ್ ತೋರಿಸಿದ ಟ್ರೈನರ್ ಕೆಟ್ಟವರೇನಲ್ಲ. ಮೂರನೇ ದಿನವೂ ನಾನು ರಾಡಿನ ಮುಂದೆ ಹೋಗಿ ನಿಂತಾಗ, ಅವರೇ ಬಂದು ಹಿಡಿಯುವುದು ಹೇಗೆಂದು ತೋರಿಸಿದರು. "ಮೊದಲ ಬರೀ ರಾಡ್ ಎತ್ರಿ. ಪ್ಲೇಟ್ ಆಮ್ಯಾಗ ನೋಡೂಣು." ಸ್ಪರ್ಧೆಗಳಲ್ಲಿ ಬಳಸುವ ರಾಡೇ ಪುರುಷರಿಗೆ 20 ಕೆ.ಜಿ., ಮಹಿಳೆಯರಿಗೆ 15 ಕೆ.ಜಿ. ಇರುತ್ತದೆ. ನಮ್ಮಲ್ಲಿದ್ದದ್ದು ಇನ್ನೂ ಹಗುರ. ಅದನ್ನು ಎಂಟು ಸಲ ಎತ್ತುವಷ್ಟರಲ್ಲಿ ನನ್ನ ಕಾಲು ನಡುಗಿದವು. ಕನ್ನಡಿಯಲ್ಲಿ ಹುಡುಗರು ನೋಡಿ ನಗುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದುದು ತಮ್ಮನ್ನೇ.

ಹೊಸದಾಗಿ ಶುರುಮಾಡುವವರಿಗೆ ನಾನು ಕಲಿತಷ್ಟು ಹೇಳುತ್ತೇನೆ. ಭಾರ ದೇಹಕ್ಕೆ ಹತ್ತಿರವಿರಲಿ. ರಾಡು ಮೈಯಿಂದ ಎಷ್ಟು ದೂರ ಹೋಗುತ್ತದೋ ಅಷ್ಟೂ ಸೊಂಟದ ಮೇಲಿನ ತಿರುಚುಬಲ ಏರುತ್ತದೆ. ಗೋಡೆಯಿಂದ ಹೊರಚಾಚಿದ ಸಜ್ಜಾ ತುದಿಯಲ್ಲಿ ಭಾರ ಇಟ್ಟರೆ ಬುಡ ಬಿರಿಯುವ ಹಾಗೆ. ಅಣ್ಣನ ಸೊಂಟ ಹಿಡಿದದ್ದು ನೂರು ಕೆ.ಜಿ.ಗಿಂತ ಹೆಚ್ಚಾಗಿ ಈ ದೂರದಿಂದ.

ಎರಡನೆಯದು, ಕಾಂಕ್ರೀಟ್ ಹಾಕಿದ ದಿನವೇ ಗಟ್ಟಿಯಾಗುವುದಿಲ್ಲ. ನೀರುಣಿಸಿ ಕಾಯಬೇಕು, ಅದರ ಶಕ್ತಿಯನ್ನು 28ನೇ ದಿನಕ್ಕೆ ಅಳೆಯುತ್ತೇವೆ. ಸ್ನಾಯುವೂ ಬಲಗೊಳ್ಳುವುದು ಎತ್ತುವಾಗಲ್ಲ, ಆಮೇಲಿನ ಊಟ, ನಿದ್ದೆ, ಬಿಡುವಿನಲ್ಲಿ. ವಾರಕ್ಕೆ ಎರಡು ಅಥವಾ ಮೂರು ದಿನ ಹೊಸಬರಿಗೆ ಸಾಕು. ಮೊದಲ ಕೆಲವು ವಾರ ಮೈ ದಪ್ಪವಾಗದೆಯೇ ಭಾರ ಏರುತ್ತದೆ. ಇರುವ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಹಾಗಾಗುತ್ತದೆ. ಕನ್ನಡಿಯಲ್ಲಿ ಬದಲಾವಣೆ ಕಾಣದೆ ಎರಡನೇ ತಿಂಗಳಿಗೆ ಬಿಟ್ಟುಹೋಗುವವರು ಈ ಮಾತು ನೆನಪಿಡಬೇಕು.

ಮೂರನೆಯದು, ಕೂತು ಏಳುವುದು, ನೆಲದಿಂದ ಎತ್ತುವುದು, ಎದುರಿಗೆ ತಳ್ಳುವುದು, ತಲೆಯ ಮೇಲಕ್ಕೆ ಎತ್ತುವುದು, ತನ್ನತ್ತ ಎಳೆಯುವುದು: ಈ ಐದು ಚಲನೆ ಕಲಿತರೆ ಇಡೀ ಮೈ ಬಂತು. ಇನ್ನೆರಡು ಸಲ ಎತ್ತಬಲ್ಲೆ ಅನ್ನಿಸುವಾಗಲೇ ರಾಡು ಕೆಳಗಿಡಿ. ಉಸಿರು ಕಟ್ಟಿ ತಿಣುಕಬೇಡಿ, ರಕ್ತದೊತ್ತಡ ದಿಢೀರನೆ ಏರುತ್ತದೆ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಕೈ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರನ್ನು ಕಾಣಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಸೇರುವ ಮೊದಲೇ ಹೃದಯ ತಪಾಸಣೆ ಮಾಡಿಸಿ. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತವೇ ಇಲ್ಲದೆ ರಾಡು ಏಳುವುದಿಲ್ಲ.

"ಭಾರ ಎತ್ತಿದರ ಗಂಡಸರ ಹಂಗ ಆಗ್ತಿ, ನಾಳೆ ವರ ಯಾರು ಬರತಾರ?" ಎಂದು ಅತ್ತೆ ಕೇಳಿದರು. ಗಂಡಸರ ಸ್ನಾಯು ಹಾಗೆ ಬೆಳೆಯಲು ಮುಖ್ಯವಾಗಿ ಬೇಕಾದ ಹಾರ್ಮೋನು ನಮ್ಮ ಮೈಯಲ್ಲಿ ಬಹಳ ಕಡಿಮೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಸ್ಪರ್ಧಿಸಿದ್ದು 49 ಕೆ.ಜಿ. ವಿಭಾಗದಲ್ಲಿ, ಎರಡು ಬಗೆ ಸೇರಿ ಎತ್ತಿದ್ದು 202 ಕೆ.ಜಿ. ಹೆಚ್ಚುಕಡಿಮೆ ನನ್ನಷ್ಟೇ ತೂಕದ ಹೆಣ್ಣುಮಗಳು. ಅತ್ತೆಗೆ ಫೋಟೊ ತೋರಿಸಿದೆ. "ಚಂದ ಅದಾಳಲ್ಲ ಹುಡುಗಿ" ಅಂದರು.

ತೆರಿಗೆ ಇಳಿಯಿತು, ಬೀಗ ತೆರೆಯಲಿಲ್ಲ

2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಒಳ್ಳೆಯ ಸುದ್ದಿಯೇ. ಆದರೆ ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸೇವಾ ವ್ಯವಹಾರಕ್ಕೆ ಮೊದಲಿನಿಂದಲೂ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ತಿಂಗಳಿಗೆ 700 ರೂಪಾಯಿ ಕೊಡುವ ನೂರು ಮಂದಿ ಇರುವ ಜಿಮ್ಮಿನ ವರ್ಷದ ವಹಿವಾಟು ಎಂಟೂವರೆ ಲಕ್ಷ ದಾಟುವುದಿಲ್ಲ. ಹಾಗಾಗಿ ಈ ಕಡಿತದ ಲಾಭ ಬೆಂಗಳೂರು, ಹುಬ್ಬಳ್ಳಿಯ ದೊಡ್ಡ ಜಿಮ್‌ಗಳ ಸದಸ್ಯರಿಗೆ ಹೋದೀತು. ಹುನಗುಂದ, ಬಾದಾಮಿಯ ಹುಡುಗರಿಗೆ ಹತ್ತು ರೂಪಾಯಿಯೂ ಉಳಿಯಲಿಲ್ಲ. ನಮಗೆ ಅಡ್ಡ ಬರುತ್ತಿರುವುದು ತೆರಿಗೆಯಲ್ಲ.

ಮೊದಲ ಅಡ್ಡಿ ಕಲಿಸುವವರದ್ದು. ಅಪ್ಪು ಹೋದ ಮೇಲೆ ಜಿಮ್‌ಗಳಿಗೆ ಮಾರ್ಗಸೂಚಿ ತರುವ ಮಾತನ್ನು ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಆಡಿದ್ದರು. ನಾನು ನೋಡಿದ ಮೂರ್ನಾಲ್ಕು ಜಿಮ್‌ಗಳ ಗೋಡೆಯಲ್ಲಿ ಬಾಡಿ ಬಿಲ್ಡರ್‌ಗಳ ಚಿತ್ರ ಇದ್ದವು, ಮಾರ್ಗಸೂಚಿ ಇರಲಿಲ್ಲ. ಫಿಟ್‌ನೆಸ್ ಟ್ರೈನರ್‌ಗಳಿಗೆ ಕೌಶಲ ಪ್ರಮಾಣಪತ್ರ ಕೊಡುವ ವ್ಯವಸ್ಥೆ ದೇಶದಲ್ಲಿದೆ. ಬಿ.ಪಿ.ಇಡಿ ಮುಗಿಸಿ ಕೆಲಸವಿಲ್ಲದೆ ಕುಳಿತವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. ಪ್ರಮಾಣಪತ್ರ ಇರುವ ಒಬ್ಬರಾದರೂ ಇರಬೇಕು ಎಂದು ನಿಯಮ ಮಾಡಿದರೆ ಜಿಮ್ ಸುರಕ್ಷಿತವಾಗುತ್ತದೆ, ಓದಿದವರಿಗೆ ಊರಲ್ಲೇ ಕೆಲಸ ಸಿಗುತ್ತದೆ. ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ ಒತ್ತುವ ಸಿಪಿಆರ್ ಕ್ರಮವನ್ನು ಪ್ರತಿ ಟ್ರೈನರ್‌ಗೂ ಕಲಿಸಬೇಕು. ಪುನೀತ್ ಹೆಸರಿನಲ್ಲೇ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ತುರ್ತು ಹೃದಯ ಚಿಕಿತ್ಸೆ ತಂದಿದೆ. ಆಸ್ಪತ್ರೆ ಮುಟ್ಟುವ ಮುಂಚಿನ ಹತ್ತು ನಿಮಿಷ ಪಕ್ಕದಲ್ಲಿದ್ದವರ ಕೈಯಲ್ಲಿರುತ್ತದೆ.

ಎರಡನೇ ಅಡ್ಡಿ ಬೀಗ. ನಮ್ಮ ಕಾಲೇಜಿನಲ್ಲಿ ಜಿಮ್ ಇದೆ. ಕೀಲಿ ಎಲ್ಲಿದೆ ಎಂದು ಕೇಳಿದರೆ ಮೂರು ಜನ ಮೂರು ಕಡೆ ಕೈ ತೋರಿಸುತ್ತಾರೆ. ಪರಿಶೀಲನೆಗೆ ತಂಡ ಬಂದ ದಿನ ಮಾತ್ರ ಅದು ಸಿಗುತ್ತದೆ. ಹೊರಗಿನ ಜಿಮ್ಮಿನಲ್ಲಿ ಮಹಿಳೆಯರ ಸಮಯ ಬೆಳಿಗ್ಗೆ 11ರಿಂದ ಸಂಜೆ 4. ನಮ್ಮ ತರಗತಿಯೂ ಅದೇ ಹೊತ್ತಿಗೆ. ಕಾಲೇಜಿನ ಒಂದು ಬಾಗಿಲು ತೆರೆದರೆ ಏನಾಗಬಹುದು ಎಂಬುದಕ್ಕೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಸಾಕ್ಷಿ. ವಾಹನ ಚಾಲಕರೊಬ್ಬರ ಮಗ, ಕುಸ್ತಿಪಟು ಆಗಬೇಕೆಂದಿದ್ದವರು. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದನ್ನು ಕಲಿತು, 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕೆ.ಜಿ. ಎತ್ತಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ಎಲ್ಲರೂ ಪದಕ ತರಬೇಕಿಲ್ಲ. ಸಂಜೆ ಎರಡು ಗಂಟೆ ಕೀಲಿ ತೆಗೆದು, ದೈಹಿಕ ಶಿಕ್ಷಣ ನಿರ್ದೇಶಕರು ಅಲ್ಲಿ ಇದ್ದರೆ ಸಾಕು. ನಾವು ಹದಿನಾಲ್ಕು ಹುಡುಗಿಯರು ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಬಾದಾಮಿಯ ನನ್ನ ಗೆಳತಿಗೆ ಮನೆಯಲ್ಲಿ ಜಿಮ್ಮಿಗೆ ಒಪ್ಪಲಿಲ್ಲ. ಅವಳು ರಜೆಯಲ್ಲಿ ಪುಸ್ತಕ ತುಂಬಿದ ಬ್ಯಾಗು ಬೆನ್ನಿಗೇರಿಸಿ ಅಗಸ್ತ್ಯ ತೀರ್ಥದ ಪಕ್ಕದ ಕೋಟೆಯ ಮೆಟ್ಟಿಲು ಹತ್ತುತ್ತಾಳೆ, ಮನೆಯಲ್ಲಿ ನೀರಿನ ಕ್ಯಾನು ಎತ್ತುತ್ತಾಳೆ. ನಮ್ಮೂರ ಕೆಂಪು ಬಂಡೆ ಏರಲು ದೇಶ ವಿದೇಶಗಳಿಂದ ಜನ ಬಾದಾಮಿಗೆ ಬರುತ್ತಾರೆ; ಅಲ್ಲೇ ಹುಟ್ಟಿದವಳಿಗೆ ಮೆಟ್ಟಿಲೇ ಜಿಮ್. ಶುರುಮಾಡಲು ಅಷ್ಟು ಸಾಕು.

ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಬರೀ ರಾಡು, 8 ಸಲ" ಎಂದಿದೆ. ಹೋದ ವಾರದ ಪುಟದಲ್ಲಿ "ನೆಲದಿಂದ 50 ಕೆ.ಜಿ., 3 ಸಲ" ಎಂದಿದೆ. ಐವತ್ತು ಕೆ.ಜಿ. ಅಂದರೆ ಒಂದು ಸಿಮೆಂಟ್ ಚೀಲ. ನಾಳೆ ನನ್ನ ಸೈಟಿನಲ್ಲಿ ಕೂಲಿಯವರು ದಿನಕ್ಕೆ ಎಷ್ಟೋ ಸಲ ಹೊರುವ ಭಾರ. ಅದರ ತೂಕ ಈಗ ನನ್ನ ಬೆನ್ನಿಗೂ ಗೊತ್ತು.

ಶನಿವಾರ ಊರಿಗೆ ಹೋಗಿದ್ದೆ. ಆಯಿ ಈಗ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ; ಫಿಸಿಯೋಥೆರಪಿಯವರು ಹೇಳಿದಂತೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ಇಬ್ಬರೂ ಸೇರಿ ಮಾಡಿದೆವು. ಅವಳು ಐದು ಸಲ, ನಾನು ಇಪ್ಪತ್ತು.

"ಎಷ್ಟ ಎತ್ತತಿ ಈಗ?" ಕೇಳಿದಳು.

"ಐವತ್ತು ಕೆ.ಜಿ., ಆಯಿ."

ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ಹಂಗಾರ ಅಂಗಳಕ್ಕ ಒಯ್ಯ ನನ್ನ. ಬಿಸಲಾಗ ಕುಂತು ಭಾಳ ದಿನಾತು."

ಕುರ್ಚಿಗೆ ಹತ್ತಿರ ನಿಂತೆ, ಮೊಣಕಾಲು ಬಾಗಿಸಿದೆ, ಬೆನ್ನು ನೆಟ್ಟಗಿಟ್ಟೆ. ಅಪ್ಪ ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುವಷ್ಟರಲ್ಲಿ ಆಯಿ ಅಂಗಳದ ಬಿಸಿಲಿನಲ್ಲಿ ಕುಳಿತಿದ್ದಳು.